ಬರಿಗೈಯಲ್ಲಿ ಕೂರಿಸದ ವಾರಿಜಕ್ಕ

ಬರಿಗೈಯಲ್ಲಿ ಕೂತವರನ್ನು ಕಂಡರೆ ವಾರಿಜಕ್ಕನಿಗೆ ಆಗುತ್ತಿರಲಿಲ್ಲ. ಚಾಮರಾಜಪೇಟೆಯ ಅವರ ಮನೆಗೆ ನಾನು ಮೊದಲ ಸಲ ಹೋದಾಗ, ಮಿಲಿಟರಿಯಿಂದ ನಿವೃತ್ತರಾದ ದಪ್ಪ ಮೀಸೆಯ ಗಂಡಸರು ನಡುಮನೆಯ ಚಾಪೆಯ ಮೇಲೆ ಸಾಲಾಗಿ ಕೂತು, ನೆನೆಸಿದ ಅವರೆಕಾಳನ್ನು ಹಿದುಕಿ ಸಿಪ್ಪೆ ತೆಗೆಯುತ್ತಿದ್ದರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ನನಗಂತೂ ಮೈಯೆಲ್ಲ ಉರಿದುಹೋಯಿತು. ಸೈನ್ಯ ಬಿಟ್ಟು ಬಂದ ನನ್ನ ತಮ್ಮ ಮಂಜುವಿಗೆ ನಿದ್ದೆಯಿಲ್ಲ, ಮಾತಿಲ್ಲ. ಯಾರೋ ಹೇಳಿದರೆಂದು ಕೈಹಿಡಿದು ಕರೆತಂದರೆ ಇಲ್ಲಿ ಸಾರಿಗೆ ಬೇಳೆ ಬಿಡಿಸುವ ಸಂಭ್ರಮ!

"ಇದೇನ್ರೀ, ಕೌನ್ಸೆಲಿಂಗ್ ಅಂದ್ರೆ ಇದೇನಾ?" ಅಂತ ಕೇಳಿಯೇಬಿಟ್ಟೆ.

"ಎದುರಿಗೆ ಕೂರಿಸ್ಕೊಂಡು ಬಾಯಿ ಬಿಡಿ ಅಂದ್ರೆ ಇವರು ಅಟೆನ್ಷನ್‌ನಲ್ಲಿ ನಿಂತ್ಬಿಡ್ತಾರೆ ಕಣಮ್ಮಾ. ಕೈಗೂ ಕಣ್ಣಿಗೂ ಕೆಲಸ ಕೊಟ್ರೆ ಮಾತು ತಾನಾಗೇ ಬರತ್ತೆ. ನೀನೂ ಕೂತ್ಕೋ, ನಿಂತ್ಕೊಂಡು ಯಾಕೆ ಕೋಪ ಮಾಡ್ಕೋತೀಯ?" ಎಂದು ವಾರಿಜಕ್ಕ ನನ್ನ ಮುಂದೆಯೂ ಒಂದು ಬಟ್ಟಲು ಕಾಳು ಇಟ್ಟರು.

ಅವರು ಸೇನೆಯ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ದುಡಿದವರು. ನಿವೃತ್ತಿಯಾದ ಮೇಲೆ ಕೌನ್ಸೆಲಿಂಗ್ ಓದಿಕೊಂಡು, ಮನೆಯ ಬಾಗಿಲನ್ನು ಸೈನಿಕರಿಗೂ ಅವರ ಹೆಂಡತಿ, ತಾಯಂದಿರಿಗೂ ತೆರೆದಿಟ್ಟಿದ್ದರು. ಕುಳ್ಳಗಿದ್ದರು, ದನಿ ಮಾತ್ರ ಬೀದಿ ಕೊನೆಗೆ ಕೇಳುವಂಥದ್ದು. ಅವರೆ ಕಾಲ ಮುಗಿದರೆ ಬೆಳ್ಳುಳ್ಳಿ, ಅದೂ ಇಲ್ಲದಿದ್ದರೆ ದೇವಸ್ಥಾನಕ್ಕೆ ಹೂಬತ್ತಿ. ಹವಾಲ್ದಾರರಾಗಿದ್ದವರು ಹೂಬತ್ತಿ ಹೊಸೆಯುವುದನ್ನು ನೋಡಿ ನಾನು ಒಳಗೊಳಗೇ ನಕ್ಕಿದ್ದೂ ಉಂಟು. ಡಾಕ್ಟರ ಮಾತ್ರೆ ಬಿಟ್ಟವರಿಗೆ ಮಾತ್ರ ಅಲ್ಲಿ ಭರ್ತಿ ಮಂಗಳಾರತಿ. "ಮಾತಿಗೆ ನಾನು, ಮಾತ್ರೆಗೆ ಡಾಕ್ಟ್ರು. ಎರಡ್ರಲ್ಲಿ ಒಂದು ಬಿಟ್ರೂ ಈ ಕಡೆ ತಲೆ ಹಾಕ್ಬೇಡಿ!"

ಅವರ ಗಂಡನೂ ಸೈನಿಕರೇ. ಒಮ್ಮೆ ಕಾಫಿ ಸೋಸುತ್ತಾ ವಾರಿಜಕ್ಕ ತಾವಾಗಿಯೇ ಹೇಳಿದರು: "ಏನಾಯ್ತು ಹೇಳಿ, ಏನಾಯ್ತು ಹೇಳಿ ಅಂತ ದಿನಾ ಪ್ರಾಣ ತಿಂತಿದ್ದೆ. ಒಂದಿನ ಡ್ಯೂಟಿ ಮುಗಿಸ್ಕೊಂಡು ಬರೋಷ್ಟರಲ್ಲಿ ನೇಣು ಹಾಕ್ಕೊಂಡಿದ್ರು. ಊರವರನ್ನೆಲ್ಲ ನೋಡ್ಕೊಳ್ಳೋ ನರ್ಸು ನಾನು, ನೋಡು." ಕಾಫಿ ಲೋಟ ನನ್ನ ಕೈಗಿಟ್ಟು ಒಳಗೆ ಹೋದರು. ನನಗೆ ಕುಡಿಯಲಾಗಲಿಲ್ಲ.

ನಮ್ಮ ಮಂಜುವಿನ ಕಥೆ ಸಿಹಿಯಿಂದ ಕೆಟ್ಟದ್ದು. ಅವನ ತುಕಡಿಯ ಗಾಡಿಯೊಂದು ಸ್ಫೋಟಕ್ಕೆ ಸಿಕ್ಕಿತೆಂದು ಟೀವಿಯಲ್ಲಿ ಬಂದಾಗ ಅಮ್ಮ ದೇವರ ಮನೆ ಬಿಟ್ಟು ಏಳಲಿಲ್ಲ. ಕೊನೆಗೆ, ನಾನು ಚೆನ್ನಾಗಿದ್ದೀನಿ ಎಂದು ಅವನ ಫೋನು ಬಂತು. ಅಮ್ಮ ಬೀದಿಗೆಲ್ಲ ಮೈಸೂರು ಪಾಕು ಹಂಚಿದಳು. ಪಕ್ಕದ ಮನೆಯವರು ಮತ್ತೆ ವಿಡಿಯೋ ಕಾಲ್ ಮಾಡಿಸಿ, "ತಗೊಳಪ್ಪಾ, ನಿಂಗೂ ಒಂದು ಪೀಸು" ಎಂದು ಫೋನಿನ ಮುಂದೆ ಸಿಹಿ ಹಿಡಿದರು. ಅವನ ಜೊತೆ ಒಂದೇ ಬ್ಯಾರಕ್‌ನಲ್ಲಿ ಮಲಗುತ್ತಿದ್ದ ಇಬ್ಬರು ಗೆಳೆಯರು ಅದೇ ಗಾಡಿಯಲ್ಲಿ ಸತ್ತಿದ್ದರೆಂಬುದು ನಮಗಾರಿಗೂ ಗೊತ್ತಿರಲಿಲ್ಲ. ಮಂಜು ಫೋನಿಟ್ಟುಬಿಟ್ಟ. ಊರಿಗೆ ಬಂದ ಮೇಲೂ ಅಮ್ಮ ಬಡಿಸಿದರೆ ತಟ್ಟೆ ಬಿಟ್ಟು ಎದ್ದುಹೋಗುತ್ತಿದ್ದ.

ಇದೆಲ್ಲ ವಾರಿಜಕ್ಕನ ಮನೆಯ ಚಾಪೆಯ ಮೇಲೆ, ಕಾಳು ಹಿದುಕುತ್ತಾ ಅವನೇ ಹೇಳಿದ್ದು. ಅವನ ಒಪ್ಪಿಗೆ ಕೇಳಿಕೊಂಡು ವಾರಿಜಕ್ಕ ಅಮ್ಮನನ್ನು ಕರೆಸಿದರು. ವಿಷಯ ಕೇಳಿದ ಅಮ್ಮ ಗೊಳೋ ಎಂದು ಅತ್ತಳು. "ಅಯ್ಯೋ, ಎಂಥ ಪಾಪ ಮಾಡ್ಬಿಟ್ಟೆ!"

"ಪಾಪ ಏನೂ ಇಲ್ಲ ಕಣ್ರೀ. ಮಗ ಉಳಿದ, ಖುಷಿ ಪಟ್ರಿ. ಆದ್ರೆ ಅವನಿಗೆ ತಾನು ಉಳಿದಿದ್ದೇ ತಪ್ಪು ಅನ್ನಿಸ್ಬಿಟ್ಟಿದೆ. ಅವರಿಬ್ಬರ ಹೆಸರು ಕೇಳಿದೀರಾ ಒಂದ್ಸಲನಾದ್ರೂ?"

ಅಮ್ಮ ಕೇಳಿದಳು. ಆ ವರ್ಷ ಪಿತೃಪಕ್ಷದಲ್ಲಿ ನಮ್ಮ ಹಿರಿಯರ ಎಡೆಗಳ ಪಕ್ಕದಲ್ಲೇ ಇನ್ನೆರಡು ಬಾಳೆಲೆ ಹಾಕಿದಳು, ಒಬ್ಬ ಪಂಜಾಬಿಗೆ, ಒಬ್ಬ ತಮಿಳಿನವನಿಗೆ. ಚಿಕ್ಕಪ್ಪ ಸಿಡಿಮಿಡಿಗೊಂಡರು. "ಯಾರದೋ ಮನೆಯೋರಿಗೆ ನಮ್ಮನೇಲಿ ಎಡೆನಾ ಅತ್ತಿಗೆ?"

"ನನ್ನ ಮಗನ ಜೊತೆ ಉಂಡೋರು. ನೀನು ಸುಮ್ನಿರಪ್ಪಾ," ಎಂದಳು ಅಮ್ಮ. ಮನೆಯೊಳಗೆ ಬಾಟಲಿ ತಂದರೆ ಪೊರಕೆ ಹಿಡಿಯುತ್ತಿದ್ದ ಹೆಂಗಸು, ಪಂಜಾಬಿ ಹುಡುಗನಿಗೆ ಇಷ್ಟವೆಂದು ಮಂಜು ಹೇಳಿದ್ದ ರಮ್ಮನ್ನು ತಾನೇ ಲೋಟಕ್ಕೆ ಬಗ್ಗಿಸಿ ಎಡೆಗಿಟ್ಟಳು. ಮಂಜು ಅವತ್ತು ಅಮ್ಮನ ಪಕ್ಕ ಕೂತು ಊಟ ಮಾಡಿದ. ನಾನು ಅಡಿಗೆಮನೆಗೆ ಹೋಗಿ ಹೊಟ್ಟೆ ತುಂಬ ಅತ್ತೆ.

ಅಲ್ಲಿಗೆ ಎಲ್ಲ ಸರಿಹೋಯಿತೆಂದು ನಾನು ಬೀಗುತ್ತಿದ್ದಾಗ ವಾರಿಜಕ್ಕ ಗದರಿದರು. "ಮೇಲಿನ ಸಿಪ್ಪೆ ಹೋಗಿದೆ ಅಷ್ಟೇ. ಒಳಗೆ ಇನ್ನೊಂದಿದೆ." ಆ ಇನ್ನೊಂದನ್ನು ಮಂಜು ಅವರೊಬ್ಬರಿಗೇ ಹೇಳಿದ್ದ. ಹೇಳಿದ ದಿನ ಮನೆಗೆ ಬಂದವನು ಸಂಜೆಯವರೆಗೂ ಮೈಮರೆತು ನಿದ್ದೆ ಮಾಡಿದ್ದ. ಆಮೇಲೂ ಮನಸ್ಸು ಕೆಟ್ಟಾಗಲೆಲ್ಲ ಅಲ್ಲಿಗೇ ಓಡುತ್ತಿದ್ದ. ಅವನು ಬದುಕಿರುವುದು ಆ ಮನೆಯ ಬಾಗಿಲು ತೆರೆದಿರುವುದರಿಂದ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಹಾಗಾಗಿಯೇ, ಹೋದ ವರ್ಷ ಅವರ ಲಿವರು ಪೂರ್ತಿ ಕೆಟ್ಟಿದೆ ಎಂದಾಗ ನನ್ನ ಜೀವ ಬಾಯಿಗೆ ಬಂತು. ಕೊನೆಯ ಸಲ ಆಸ್ಪತ್ರೆಯಲ್ಲಿ ನೋಡಿದಾಗ ಕಣ್ಣು ಅರಿಶಿನವಾಗಿತ್ತು, ಆ ದೊಡ್ಡ ದನಿ ಇರಲಿಲ್ಲ. ನಾನು ನಾಚಿಕೆ ಬಿಟ್ಟು ಕೇಳಿದೆ. "ವಾರಿಜಕ್ಕಾ, ಅವನು ನಿಮ್ಮ ಹತ್ರ ಹೇಳಿದ್ದೇನು? ನಾಳೆ ನೀವು..."

"ನಾಳೆ ನಾನಿರಲ್ಲ ಅಂತ ತಾನೇ? ಧಾರಾಳವಾಗಿ ಹೇಳು. ಅದು ಅವನದು ಕಣಮ್ಮಾ, ಕೊಡಕ್ಕೆ ನನ್ನದಲ್ಲ. ಇನ್ನೊಬ್ಬ ಕೌನ್ಸೆಲರನ್ನ ಗೊತ್ತು ಮಾಡಿದೀನಿ, ಒಳ್ಳೆಯವರು. ಅವನು ಹೋಗೋ ಹಾಗೆ ನೋಡ್ಕೋ. ಹೋಗಲ್ಲ ಅಂತಾನೆ, ಬಿಡ್ಬೇಡ."

ಆ ವಾರವೇ ತೀರಿಕೊಂಡರು. ಮಕ್ಕಳಿರಲಿಲ್ಲ, ಚಾಪೆಯ ಮೇಲೆ ಕೂರುತ್ತಿದ್ದ ಗಂಡಸರೇ ಹೆಗಲು ಕೊಟ್ಟರು. ಮಂಜು ಚಿತಾಗಾರದಿಂದ ಬಂದು, ತಲೆಗೆ ನೀರು ಹಾಕಿಕೊಂಡು ಮೆಟ್ಟಿಲ ಮೇಲೆ ಕೂತ. ನಾನು ಟವೆಲು ಹಿಡಿದು ಹಿಂದೆ ನಿಂತೆ.

"ಮತ್ತೆ ಮೊದಲಿಂದ ಹೇಳ್ಬೇಕಲ್ಲಕ್ಕಾ, ಯಾರಿಗೋ. ನನ್ನ ಕೈಲಾಗಲ್ಲ."

"ನನ್ನ ಹತ್ರ ಹೇಳೋ. ನಾನಿಲ್ವೇನೋ ಮಂಜೂ?"

ಅವನು ತಿರುಗಿ ನನ್ನ ಮುಖ ನೋಡಿದ.

"ನಿನ್ನ ಹತ್ರ ಬೇಡಕ್ಕಾ. ಅದನ್ನ ಕೇಳಿದ್ಮೇಲೆ ನೀನು ನನ್ನ ಹೀಗೆ ನೋಡಲ್ಲ."