ಪತ್ತೇದಾರರು ಇಟ್ಟ ಕಾವಲು

ನಮ್ಮ ಕಣ್ಣಾಸ್ಪತ್ರೆಯಲ್ಲಿ ಹದಿನೆಂಟು ವರ್ಷ ಡೇಟಾಬೇಸ್ ನೋಡಿಕೊಂಡಿದ್ದವರನ್ನು ನಾವೆಲ್ಲ ಬೆನ್ನ ಹಿಂದೆ ಪತ್ತೇದಾರರು ಎನ್ನುತ್ತಿದ್ದೆವು. ಎದುರಿಗೆ ಸರ್. ಊಟಕ್ಕೆ ಏಳುವ ಮೊದಲು ನೀರಿನ ಬಾಟಲಿಯ ಮೇಲೆ ಪೆನ್ನಿನಿಂದ ಗೆರೆ ಎಳೆಯುತ್ತಿದ್ದರು. ಬಂದ ಮೇಲೆ ನೀರು ಗೆರೆಗೆ ಸರಿಯಾಗಿದ್ದರೆ ಮಾತ್ರ ಕುಡಿಯುತ್ತಿದ್ದರು. ಅವರ ಹೆಂಡತಿ ಒಮ್ಮೆ ಆಫೀಸಿಗೆ ಬಂದಾಗ ನಗುತ್ತಾ ಹೇಳಿದ್ದರು: "ಮನೆಗೆ ಬಂದ್ರೆ ಮೊದಲು ಬೀಗ ಎಳೆದು ನೋಡ್ತಾರೆ. ನನ್ನ ಮುಖ ನೋಡೋದು ಆಮೇಲೆ."

ಅಂಥವರ ಕೈಕೆಳಗೆ ಸೇರಿ ನನಗೆ ಐದು ತಿಂಗಳಾಗಿತ್ತು. ಇನ್ನೊಂದು ತಿಂಗಳು ಕಳೆದರೆ ಕೆಲಸ ಕಾಯಂ. ಅಷ್ಟರಲ್ಲಿ ಎಡವಟ್ಟಾದರೆ ಮನೆ ದಾರಿ. ನಾನು ಕೀಲಿಮಣೆ ಮುಟ್ಟಿದರೆ ಸಾಕು, ಹಿಂದೆ ಅವರ ಕುರ್ಚಿ ಕಿರ್ ಎಂದು ತಿರುಗುತ್ತಿತ್ತು. ನನ್ನಲ್ಲಿ ಅವರು ಏನು ಕಂಡರೋ, ನನಗಂತೂ ಮೈ ಉರಿಯುತ್ತಿತ್ತು.

ಒಂದು ಮಂಗಳವಾರ ಬೆಳಿಗ್ಗೆ ಹತ್ತಕ್ಕೆ, ರೋಗಿಗಳು ಸಮಯ ಕಾಯ್ದಿರಿಸುವ ವೆಬ್‌ಸೈಟ್ ನಿಂತುಹೋಯಿತು. ಬಿಳಿ ಪರದೆ, ಮಧ್ಯೆ ಒಂದೇ ಸಾಲು: ಡೇಟಾಬೇಸ್ ಸಿಗುತ್ತಿಲ್ಲ. ಕೆಳಗೆ ಕೌಂಟರಿನಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರ ಸಾಲು ಮೆಟ್ಟಿಲವರೆಗೂ ಬೆಳೆಯಿತು. ಮ್ಯಾನೇಜರ್ ಮೇಡಂ ಏದುಸಿರು ಬಿಡುತ್ತಾ ಮೇಲೆ ಬಂದರು.

"ನಿನ್ನೆ ಕೊನೇಲಿ ಒಳಗೆ ಕೈ ಹಾಕಿದ್ದು ಇವಳು," ಎಂದರು ಪತ್ತೇದಾರರು, ನನ್ನ ಕಡೆ ತಿರುಗದೆ. "ಏನು ಮಾಡಿದಾಳೋ ದೇವರಿಗೇ ಗೊತ್ತು."

ಮೇಡಂ ನನ್ನ ಕೀಲಿಮಣೆಯನ್ನು ಪಕ್ಕಕ್ಕೆ ಸರಿಸಿದರು. "ಸದ್ಯಕ್ಕೆ ನೀನು ಏನೂ ಮುಟ್ಟಬೇಡಮ್ಮ. ಸಂಜೆ ಮಾತಾಡೋಣ."

ಸಿಟ್ಟು ನೆತ್ತಿಗೇರಿತು. ನಾಚಿಕೆಯ ಸಂಗತಿಯೆಂದರೆ, ಸ್ವಲ್ಪ ಹೊತ್ತಿಗೆ ನನಗೂ ನನ್ನ ಮೇಲೆ ಅನುಮಾನ ಬಂತು. ನಿನ್ನೆ ಇಬ್ಬರು ರೋಗಿಗಳ ಫೋನ್ ನಂಬರ್ ತಿದ್ದಿದ್ದೆ. ಅಷ್ಟೇನಾ? ಮನೆಗೆ ಹೊರಡುವ ಅವಸರದಲ್ಲಿ ಇನ್ನೇನಾದರೂ ಒತ್ತಿದೆನಾ?

ಪತ್ತೇದಾರರು ಮೊದಲು ನನ್ನ ಪಾಸ್‌ವರ್ಡ್ ರದ್ದು ಮಾಡಿದರು. ಆಮೇಲೆ ಡೇಟಾಬೇಸನ್ನು ಮತ್ತೆ ಶುರುಮಾಡಿದರು. ಅದು ಒಂದು ನಿಮಿಷ ಎದ್ದು ಮತ್ತೆ ಮಲಗಿತು. ಮೂರು ಸಲವೂ ಅದೇ ಹಾಡು.

"ಸರ್, ಡಿಸ್ಕಿನಲ್ಲಿ ಜಾಗ ಇದೆಯಾ ನೋಡಿದ್ರಾ?"

"ನೀನು ನನಗೆ ಹೇಳಿಕೊಡ್ತೀಯಾ?"

ಆದರೂ ನೋಡಿದರು. ಜಾಗ ಸೊನ್ನೆ. ಒಂದಕ್ಷರ ಬರೆಯಲೂ ತಾವಿಲ್ಲದೆ ಡೇಟಾಬೇಸ್ ಕೈಚೆಲ್ಲಿತ್ತು. ಯಾವುದು ತಿಂದುಹಾಕಿತೆಂದು ಹುಡುಕಿದರೆ ಒಂದೇ ಕಡತ, ಡಿಸ್ಕಿನ ಮುಕ್ಕಾಲು ಪಾಲು. ಅದರ ಹೆಸರು "ಹೊಸಬಳು". ಶುರುವಾದ ದಿನಾಂಕ, ನಾನು ಕೆಲಸಕ್ಕೆ ಸೇರಿದ ದಿನ.

ನನ್ನನ್ನು ಹಿಡಿಯಲೆಂದು ಅವರು ಡೇಟಾಬೇಸಿಗೆ ಬಂದುಹೋದ ಪ್ರತಿಯೊಂದು ಆದೇಶವನ್ನೂ ಈ ಕಡತದಲ್ಲಿ ಬರೆದಿಡುವ ಕಾವಲು ಇಟ್ಟಿದ್ದರು. ಅದು ನನ್ನದರ ಜತೆಗೆ ಊರಿನ ರೋಗಿಗಳೆಲ್ಲ ಒತ್ತಿದ್ದನ್ನೂ ಐದು ತಿಂಗಳು ಬರೆದುಕೊಂಡು ಕೂತಿತ್ತು.

ಮೇಡಂ ಕಿಟಕಿಯ ಬಳಿ ಫೋನಿನಲ್ಲಿದ್ದರು. ಪತ್ತೇದಾರರ ಬೆರಳು ಅಳಿಸುವ ಗುಂಡಿಯ ಮೇಲೆ ಬಂತು. ಅಳಿಸದೆ ವೆಬ್‌ಸೈಟ್ ಏಳುವುದಿಲ್ಲ. ಅಳಿಸಿದರೆ ನನ್ನ ತಲೆಯ ಮೇಲಿನ ಆರೋಪ ಹಾಗೇ ಉಳಿಯುತ್ತದೆ. ನಾನು ಅವರ ಬೆನ್ನ ಹಿಂದಿನಿಂದ ಸದ್ದಾಗದಂತೆ ಮೊಬೈಲ್ ಎತ್ತಿ ಪರದೆಯ ಫೋಟೊ ತೆಗೆದೆ. ಅವರಿಗೆ ಗೊತ್ತಾಗದೆ ಇರುತ್ತದೆಯೇ?

"ಅಷ್ಟು ದೂರದಿಂದ ತೆಗೆದ್ರೆ ಮಸುಕಾಗಿರತ್ತೆ," ಎಂದು ಕುರ್ಚಿ ಸರಿಸಿದರು. "ಇನ್ನೊಂದು ತೆಗಿ."

ತೆಗೆದೆ. ಆಮೇಲೆಯೇ ಅವರು ಅಳಿಸಿದರು. ವೆಬ್‌ಸೈಟ್ ಎದ್ದಿತು. ಮೇಡಂ ಕಾರಣ ಕೇಳಿದರು.

"ಇವಳದ್ದೇನೂ ತಪ್ಪಿಲ್ಲ. ಇವಳನ್ನ ಹಿಡಿಯೋಕೆ ನಾನಿಟ್ಟಿದ್ದ ಕಾವಲೇ ತುಂಬ್ಕೊಂಡು ಎಲ್ಲಾನೂ ನಿಲ್ಲಿಸ್ತು. ವರದಿಯಲ್ಲಿ ನನ್ನ ಹೆಸರು ಬರೀರಿ."

ನನ್ನ ಕೆಲಸ ಕಾಯಂ ಆಯಿತು. ಅವರು ನಿವೃತ್ತರಾಗಿ ಈಗ ಮೂರು ವರ್ಷ. ಮೊನ್ನೆ ಕಣ್ಣು ತೋರಿಸಲು ಬಂದವರು ನನ್ನ ಮೇಜಿನ ಹತ್ತಿರ ನಿಂತು ಕೇಳಿದರು: "ಆ ಫೋಟೊ ಅಳಿಸಿದ್ಯೇನಮ್ಮಾ?"

"ಅವತ್ತೇ ಅಳಿಸ್ದೆ ಸರ್."

ಅಳಿಸಿರಲಿಲ್ಲ. ಅವರು ಮೇಜಿನ ಮೇಲಿದ್ದ ನನ್ನ ಮೊಬೈಲನ್ನು ನೋಡಿದರು. ನಾನು ಅದನ್ನೆತ್ತಿ ಚೀಲಕ್ಕೆ ಹಾಕಿಕೊಂಡೆ.