ಗಿಟಾರ್ ಬಿಟ್ಟು ಹಲಗೆ ಹಿಡಿದ ಬಸವಲಿಂಗ

ರಾಯಚೂರಿನ ಅಕ್ಕಿ ಗಿರಣಿ ಸಾಹುಕಾರರ ಮಗ ಬಸವಲಿಂಗ ಹೊಸ ಪ್ಯಾಂಟನ್ನು ಮೊಣಕಾಲಿಗೆ ಹರಿದುಕೊಂಡೇ ತೊಡುವ ಆಸಾಮಿ. ಅಪ್ಪನ ಗೋದಾಮಿನಲ್ಲಿ ಗಿಟಾರ್ ಹಿಡಿದು ಹಸಿವಿನ ಮೇಲೆ ಹಾಡು ಕಟ್ಟಿ ಚೀರುತ್ತಾನೆ. ಮಂಡಕ್ಕಿ-ಮಿರ್ಚಿ ಬಂದರೆ ಕ್ರಾಂತಿಗೆ ಅರ್ಧ ತಾಸು ಬಿಡುವು. ಹಮಾಲರು "ಸಾವ್ಕಾರ್ರ" ಎಂದರೆ, "ಕಾಮ್ರೇಡ್ ಅನ್ರಲೇ!" ಎಂದು ಗದರುತ್ತಾನೆ. ಹಾಡಿಗೆ ಚರ್ಮದ ಹಲಗೆಯ ಪೆಟ್ಟು ಬೇಕೆಂದು, ಹಲಗೆ ಬಡಿಯುವವರ ಮನೆತನದ ದೇವದುರ್ಗದ ಮಾಸ್ತರ ಹುಲಿಗೇಶನಿಗೆ ಗಂಟುಬಿದ್ದ. "ನಮ್ಮಜ್ಜ ಊರ ಚಾಕರಿ ಸಾಕಂತ ಹಲಗಿ ಬಿಟ್ಟ, ಅದಕ್ಕ ನಾವು ಸಾಲಿ ಕಲ್ತ್ವಿ. ಗಿಟಾರ್ ನನಗ ಕೊಡು, ಹಲಗಿ ನೀ ಬಡಿ," ಎಂದ ಹುಲಿಗೇಶ. ಬಸವಲಿಂಗ ಕೊಟ್ಟೇಬಿಟ್ಟ! ಈಗ ದಿನಾ ಗಿರಣಿಯ ಬತ್ತದ ಹೊಟ್ಟಿನ ಬೆಂಕಿಗೆ ಹಲಗೆ ಕಾಸಿ, ಬೆರಳು ಬಾತುಕೊಳ್ಳುವಂತೆ ಬಡಿಯುತ್ತಾನೆ. ಅಂದಿನಿಂದ ಅಜ್ಜಿ ಬಸವಂತಮ್ಮ, "ಹಲಗಿ ಮುಟ್ಟಿದ ಮ್ಯಾಲೆ ಜಳಕ ಮಾಡಿದ್ರೂ ಒಳಗ ಬರಬ್ಯಾಡಪ್ಪ," ಎಂದು ಬಾಗಿಲಲ್ಲೇ ತಡೆಯುತ್ತಾಳೆ. ಸಾಹುಕಾರರ ಮಗ ಕಟ್ಟೆಯ ಮೇಲೆ ಕೂತು, ಆಕೆ ಎತ್ತರದಿಂದ ಸುರಿದ ನೀರನ್ನು ಬೊಗಸೆಯಲ್ಲಿ ಕುಡಿಯುತ್ತಾನೆ.