ಬಾಸ್ವರ್ತ್ ಬಯಲಿನ ಪಕ್ಕಕ್ಕೆ ನಿಂತವನು

ಚೌಕಾಸಿಗೆ ಕೂತಾಗ ಮೊದಲು ಬಾಯಿ ಬಿಡಬೇಡಿ. ಹೊಸಬರು ಯಾರೇ ಕೇಳಿದರೂ ನಾನು ಹೇಳುವುದು ಇಷ್ಟೇ. ಸೆಂಬವಾಂಗ್ ಹಡಗುಕಟ್ಟೆಯ ಬಳಿ ಹಳೆಯ ಹಡಗುಗಳ ಬಿಡಿಭಾಗ ಮಾರಿ ಮನೆ ಕಟ್ಟಿಕೊಂಡವನು ನಾನು, ಸುಮ್ಮನೆ ಹೇಳುತ್ತಿಲ್ಲ. ಆದರೆ ಈ ಬುದ್ಧಿಮಾತು ಎಲ್ಲ ಕಡೆಗೂ ಸಲ್ಲುವುದಿಲ್ಲ ಅಂತ ಹೋದ ತಿಂಗಳು ಗೊತ್ತಾಯಿತು.

ಭಾನುವಾರ ಬೆಳಿಗ್ಗೆ ಮಗಳು ಸ್ಕೂಲಿನ ಪ್ರೆಸೆಂಟೇಶನ್‌ಗೆ ಪ್ರಾಕ್ಟೀಸ್ ಮಾಡುತ್ತಿದ್ದಳು. ವಿಷಯ ಬಾಸ್ವರ್ತ್ ಕದನ. ಇಂಗ್ಲೆಂಡಿನ ಸಿಂಹಾಸನಕ್ಕಾಗಿ ಒಂದೇ ರಾಜವಂಶದ ಎರಡು ಕವಲುಗಳು ಮೂವತ್ತು ವರ್ಷ ಬಡಿದಾಡಿದ ಜಗಳ ಅಲ್ಲಿ, ಒಂದು ಬಯಲಿನಲ್ಲಿ, ತೀರ್ಮಾನವಾಯಿತಂತೆ. ನನ್ನ ಡಬ್ಬಿಯಿಂದ ನಟ್ಟುಗಳನ್ನು ತಂದು ಊಟದ ಮೇಜಿನ ಮೇಲೆ ಜೋಡಿಸಿದ್ದಳು. ಹಿತ್ತಾಳೆಯವು ರಾಜನ ದಂಡು, ಉಕ್ಕಿನವು ಎದುರಾಳಿಯದು. ಪಕ್ಕದಲ್ಲಿ ತುಕ್ಕು ಹಿಡಿದವು ಒಂದಷ್ಟು ಬೇರೆಯೇ ಇದ್ದವು.

"ಇವರು ಯಾರ ಕಡೆ?"

"ಯಾರ ಕಡೇನೂ ಅಲ್ಲ ಪಪ್ಪಾ. ಈ ಪಾಳೆಯಗಾರ ದಂಡು ಇಟ್ಕೊಂಡು ನಿಂತು ನೋಡ್ತಾನೆ. ರಾಜ ಕರೆದ್ರೂ ಬರಲ್ಲ. ಕೊನೇಲಿ ಎದುರಾಳಿ ಕಡೆ ಸೇರ್ಕೋತಾನೆ. ರಾಜ ಸಾಯ್ತಾನೆ, ವಾರ್ ಓವರ್."

"ಜಾಣ," ಅಂದೆ.

"ಜಾಣ ಏನು? ಚೀಟಿಂಗ್ ಲಾ ಅದು," ಅಂತ ಇಲ್ಲಿನವರ ಧಾಟಿಯಲ್ಲಿ ರಾಗ ಎಳೆದಳು.

ಅವಳು ತುಕ್ಕು ನಟ್ಟುಗಳನ್ನು ಒಂದೇ ಸಲ ತಳ್ಳಿದಳು. ಹಿತ್ತಾಳೆಯದೊಂದು ಉರುಳಿ ಬಂದು ನನ್ನ ಚಹಾ ಲೋಟಕ್ಕೆ ತಾಗಿ ನಿಂತಿತು.

ನನಗೆ ಈ ಕೆಲಸ ಕಲಿಸಿದವರು ಮಂಗಳೂರು ಕಡೆಯ ಒಬ್ಬ ಅಂಕಲ್. ಹಳೇ ವಾಲ್ವನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಎಷ್ಟು ಸವೆದಿದೆ ಅಂತ ಹೇಳಿಬಿಡುತ್ತಿದ್ದರು. ಅವರಿಗೂ ಅವರ ತಮ್ಮನಿಗೂ ವರ್ಕ್‌ಶಾಪಿನ ಯಜಮಾನಿಕೆಗೆ ಜಗಳವಾದಾಗ, ಇಬ್ಬರೂ ಸೇರಿ ನನ್ನನ್ನೂ ಹಳೆಯ ಗಿರಾಕಿಗಳನ್ನೂ ಕೂರಿಸಿ, ಯಾರ ಜೊತೆ ಇರುತ್ತೀರಿ ಎಂದು ಕೇಳಿದರು. ಅಂಕಲ್ ಮೊದಲು ನನ್ನ ಮುಖ ನೋಡಿದರು. ನಾನು ಫೋನ್ ನೋಡಿಕೊಂಡೆ. ಒಬ್ಬೊಬ್ಬರಾಗಿ ಎಲ್ಲರೂ ತಮ್ಮನ ಕಡೆ ಅಂದರು. ಕೊನೆಯಲ್ಲಿ ನಾನೂ ಅಂದೆ. ಆಮೇಲೆ ಆರು ವರ್ಷ ಅವರೆದುರು ಹೋಗಿರಲಿಲ್ಲ.

ಆ ಭಾನುವಾರ ಮಧ್ಯಾಹ್ನವೇ ಜುರಾಂಗ್ ವೆಸ್ಟ್‌ನಲ್ಲಿರುವ ಅಂಕಲ್ ಮನೆಗೆ ಹೊರಟೆ. ಬಾಗಿಲು ತೆರೆಯುತ್ತಾರೋ ಇಲ್ಲವೋ ಅಂತ ಎಂಆರ್‌ಟಿ ರೈಲಿನಲ್ಲಿ ದಾರಿಯುದ್ದಕ್ಕೂ ಯೋಚನೆ. ಬಾಗಿಲೇನೋ ತೆರೆದರು. ಹೊರಗಿನ ಕಬ್ಬಿಣದ ಗ್ರಿಲ್ ಮಾತ್ರ ತೆರೆಯಲಿಲ್ಲ. ಊರುಗೋಲು ಹಿಡಿದು ಅದರ ಹಿಂದೆ ನಿಂತರು.

"ಏನಯ್ಯಾ, ಈಗ ಯಾರು ಗೆಲ್ತಿದ್ದಾರೆ ಅಂತ ನೋಡೋಕೆ ಬಂದೆಯಾ?"

"ಅವತ್ತು ನಿಮ್ಮ ಹೆಸರು ಹೇಳಬೇಕಿತ್ತು ಅಂಕಲ್. ಹೇಳಲಿಲ್ಲ."

"ಹೇಳಿದ್ರೂ ಸೋಲ್ತಿದ್ದೆ," ಅಂದರು. ಊರುಗೋಲನ್ನು ಇನ್ನೊಂದು ಕೈಗೆ ಬದಲಿಸಿ, "ಆದ್ರೆ ಒಬ್ಬನೇ ಸೋಲ್ತಿರಲಿಲ್ಲ."

ಸಾಮಾನು ಕೊಳ್ಳುವಾಗ ಎಷ್ಟು ಹೊತ್ತಾದರೂ ಕಾಯಿರಿ, ನಾನು ಈಗಲೂ ಕಾಯುತ್ತೇನೆ. ಕಲಿಸಿದವರು ನಿಮ್ಮ ಮುಖ ನೋಡಿದಾಗ ಮಾತ್ರ ಕಾಯಬೇಡಿ.

ಗ್ರಿಲ್ ತೆರೆಯುವ ಹಾಗೆ ಕಾಣಲಿಲ್ಲ, ಹೊರಟೆ. ಒಳಗೆ ಕರೆಯುತ್ತಾರೆಂದು ಬಿಚ್ಚಿಟ್ಟಿದ್ದ ಚಪ್ಪಲಿ ಹಾಕಿಕೊಳ್ಳುವಾಗ ಹಿಂದಿನಿಂದ ಅಂದರು, "ಅಡುಗೆಮನೆ ನಲ್ಲಿ ಸೋರ್ತಿದೆ. ಬರೋ ಭಾನುವಾರ ವಾಷರ್ ತಗೊಂಡು ಬಾ."

ತಿರುಗಿ ನಿಂತು ಅಳತೆ ಕೇಳಿದೆ.